ಶುಶ್ರೂಷೆಯಲ್ಲಿ ಪರಿಣತಿಯ ಹಾದಿ

ವೈದ್ಯರು ರೋಗಿಯ ಬಳಿ ಇರುವುದು ಕೆಲವು ನಿಮಿಷ. ಶುಶ್ರೂಷಕಿಯರು ಇರುವುದು ಹಗಲಿರುಳು. ಉಸಿರಾಟದಲ್ಲಾಗುವ ಸಣ್ಣ ವ್ಯತ್ಯಾಸವೂ ಮೊದಲು ಅವರ ಕಣ್ಣಿಗೆ ಬೀಳಬೇಕು. ಇದಕ್ಕೆ ಕರುಣೆಯೊಂದೇ ಸಾಲದು, ವಿಶೇಷ ಜ್ಞಾನವೂ ಬೇಕು. ಆದರೆ ಅನೇಕ ಕುಟುಂಬಗಳು ಮಗಳಿಗೆ ಮೊದಲ ನೌಕರಿ ದೊರೆತೊಡನೆ ಆಕೆಯ ಓದು ಮುಗಿಯಿತೆಂದೇ ಭಾವಿಸುತ್ತವೆ.

ಪರಿಣತಿ ಏಕೆ ಬೇಕು?

ಕ್ಯಾನ್ಸರಿಗೆ ನೀಡುವ ಕೆಲವು ಔಷಧಗಳು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಕೊಳೆಯುವ ಅಪಾಯವಿದೆ. ರೋಗಿ “ಸ್ವಲ್ಪ ಉರಿಯುತ್ತಿದೆ” ಎಂದಾಗ ತರಬೇತಿ ಪಡೆದ ಶುಶ್ರೂಷಕಿ ಆ ಮಾತನ್ನು ಕಡೆಗಣಿಸುವುದಿಲ್ಲ. ಕೂಡಲೇ ಔಷಧವನ್ನು ನಿಲ್ಲಿಸಿ ವೈದ್ಯರನ್ನು ಕರೆಯುತ್ತಾಳೆ. ಆ ಒಂದು ಕ್ಷಣದ ಎಚ್ಚರ ರೋಗಿಯ ಕೈಯನ್ನೇ ಉಳಿಸಬಲ್ಲದು.

ಮುಂದಿನ ಮೆಟ್ಟಿಲುಗಳು

ಮೂರು ವರ್ಷದ ಜಿ.ಎನ್.ಎಂ. ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾದವರಿಗೆ ಒಂದು ವರ್ಷದ ವಿಶೇಷ ಡಿಪ್ಲೊಮಾಗಳಿವೆ. ತೀವ್ರ ನಿಗಾ, ಕ್ಯಾನ್ಸರ್, ನವಜಾತ ಶಿಶು, ಮಾನಸಿಕ ಆರೋಗ್ಯ ಮೊದಲಾದವು ಅದರ ವಿಭಾಗಗಳು. ಬಿ.ಎಸ್ಸಿ. ಪದವೀಧರರು ಎರಡು ವರ್ಷದ ಎಂ.ಎಸ್ಸಿ. ನರ್ಸಿಂಗ್ ಓದಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋರೋಗ ಶುಶ್ರೂಷೆಯ ಉನ್ನತ ಶಿಕ್ಷಣವಿದೆ. ತೀವ್ರ ನಿಗಾ ಘಟಕದಲ್ಲಿ ದುಡಿಯುತ್ತಲೇ ಕಲಿಯುವ ‘ನರ್ಸ್ ಪ್ರಾಕ್ಟೀಷನರ್’ ಎಂಬ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗವನ್ನೂ ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದೆ. ಈ ಹಾದಿ ಪುರುಷರಿಗೂ ತೆರೆದಿದೆ.

ಸಂಶೋಧನೆಯೂ ಸೇವೆಯೇ

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ತೆರಳಿದ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದ ದಾದಿಯೆಂದೇ ಪ್ರಸಿದ್ಧರು. ಗಾಯಗಳಿಗಿಂತ ತಡೆಯಬಹುದಾದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂದು ಅವರು ಮುಂದೆ ಅಂಕಿಅಂಶಗಳ ಚಿತ್ರಗಳಿಂದ ತೋರಿಸಿಕೊಟ್ಟರು. ಸಂಶೋಧನಾ ಶುಶ್ರೂಷೆಯ ಬೇರು ಅಲ್ಲಿಯೇ ಇದೆ.

ಇಂದು ಹೊಸ ಔಷಧದ ಪರೀಕ್ಷೆ ನಡೆಯುವಲ್ಲಿ ರೋಗಿಯ ಭಾಷೆಯಲ್ಲಿ ವಿಷಯ ತಿಳಿಸಲು ನೆರವಾಗುವುದು, ಮಾತ್ರೆ ಮತ್ತು ರಕ್ತಪರೀಕ್ಷೆಗಳ ಲೆಕ್ಕವಿಡುವುದು, ದುಷ್ಪರಿಣಾಮಗಳನ್ನು ಗುರುತಿಸುವುದು ಈ ಶುಶ್ರೂಷಕಿಯರ ಹೊಣೆ. ದೇಶದಲ್ಲಿ 2019ರಿಂದ ಜಾರಿಯಲ್ಲಿರುವ ನಿಯಮಗಳಂತೆ ಗಂಭೀರ ದುಷ್ಪರಿಣಾಮವನ್ನು ಸಂಶೋಧಕ ವೈದ್ಯರು 24 ಗಂಟೆಗಳೊಳಗೆ ವರದಿ ಮಾಡಬೇಕು. ಅದನ್ನು ಮೊದಲು ಕಾಣುವವರು ಬಹುಪಾಲು ಶುಶ್ರೂಷಕಿಯರೇ. ಓದು ಬಾರದ ರೋಗಿಗೂ “ಒಲ್ಲೆ” ಎನ್ನುವ ಹಕ್ಕಿದೆ, ನಡುವೆ ಹೊರಬರುವ ಹಕ್ಕೂ ಇದೆ. ಆ ಹಕ್ಕನ್ನು ಕಾಯುವುದೇ ಈ ಕಾಯಕದ ಹಿರಿಮೆ.

ಹೆತ್ತವರಿಗೆ ಒಂದು ಮಾತು

ಪ್ರವೇಶಕ್ಕೆ ಮುನ್ನ ಕಾಲೇಜಿನ ಮಾನ್ಯತೆಯನ್ನು ಪರಿಶೀಲಿಸಿರಿ. ಕಲಿಕೆಗೆ ಸಾಕಷ್ಟು ರೋಗಿಗಳಿರುವ ಆಸ್ಪತ್ರೆ ಅದಕ್ಕಿದೆಯೇ ಎಂಬುದನ್ನು ಕಣ್ಣಾರೆ ನೋಡಿರಿ. ವಿಶೇಷ ತರಬೇತಿ ಪಡೆದೊಡನೆ ಸಂಬಳ ಏರಲಿಕ್ಕಿಲ್ಲ. ಆದರೆ ಆ ಜ್ಞಾನ ಜೀವನಪರ್ಯಂತ ಜೊತೆಗಿರುತ್ತದೆ. ದುಡಿಯುತ್ತಿರುವ ಮಗಳು ಅಥವಾ ಸೊಸೆ ಮತ್ತೆ ಓದುವೆನೆಂದರೆ ಮನೆಗೆಲಸದ ಭಾರವನ್ನು ಹಂಚಿಕೊಂಡು ಕಳುಹಿಸಿರಿ. ಆಕೆ ಕಲಿತುದು ನಾಳೆ ಯಾರದೋ ಮನೆಯ ದೀಪ ಆರದಂತೆ ಕಾಯುತ್ತದೆ.