ಗುಬ್ಬಿ ಹೆಲಿಕಾಪ್ಟರ್ ಚಂದ್ರನ ಮೇಲೆ ಯಾಕೆ ಇಳಿಯಲ್ಲ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ರೈಲಲ್ಲೋ ಕೂತಿದ್ದೀರಾ? ಹಾಗಾದ್ರೆ ಸರಿ, ಇವತ್ತಿನ ವಿಷಯ ಶುರುವಾಗೋದೇ ತುಮಕೂರು ರೈಲ್ವೆ ಸ್ಟೇಷನ್ನಿನಿಂದ.

ಕುಣಿಗಲ್‌ನಲ್ಲಿರೋ ನಮ್ಮ ಚಿಕ್ಕಪ್ಪನ ಮಗಳು ಸೆಕೆಂಡ್ ಪಿಯುಸಿ ಗಣಿತದಲ್ಲಿ ಫೇಲಾಗಿದ್ದಳು. ಮತ್ತೆ ಪರೀಕ್ಷೆ ಬರೆಯಲ್ಲ, ಫೀಸೂ ಕಟ್ಟಲ್ಲ ಅಂತ ಹಟ. ‘ಅವಳನ್ನ ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬಾರಪ್ಪ’ ಅಂತ ಚಿಕ್ಕಮ್ಮ ಫೋನ್ ಮಾಡಿದರು. ನಾನು ಗುಬ್ಬಿಯವನು. ಇಬ್ಬರೂ ತುಮಕೂರಲ್ಲಿ ಸೇರಿ ಬೆಂಗಳೂರಿಗೆ ರೈಲು ಹತ್ತಿದೆವು. ಹೋಗಿದ್ದು ಕಬ್ಬನ್ ಪಾರ್ಕ್ ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂಗೆ. ನೆಹರೂ ಅದನ್ನು ಉದ್ಘಾಟಿಸಿದ್ದು 1962ರ ಜುಲೈ 14ರಂದು. ಚಂದ್ರಯಾನ-3 ಹಾರಿದ್ದೂ ಜುಲೈ 14ಕ್ಕೇ, 2023ರಲ್ಲಿ. ಕಾಕತಾಳೀಯ ಅಷ್ಟೇ, ಆದ್ರೂ ಹೇಳದೆ ಇರೋಕಾಗಲಿಲ್ಲ.

ಅಲ್ಲಿನ ಬಾಹ್ಯಾಕಾಶ ಗ್ಯಾಲರಿಯಲ್ಲಿ ರಾಕೆಟ್, ಉಪಗ್ರಹಗಳ ಮಾದರಿಗಳನ್ನು ನೋಡ್ತಾ ನಾನು ಗೈಡ್ ಥರ ಶುರು ಮಾಡಿದೆ. 1959ರಲ್ಲಿ ಸೋವಿಯತ್ ಒಕ್ಕೂಟದ ಲೂನಾ-2 ಚಂದ್ರನಿಗೆ ಅಪ್ಪಳಿಸಿತು. 1966ರಲ್ಲಿ ಲೂನಾ-9 ಮೆಲ್ಲಗೆ ಇಳಿಯಿತು. 1969ರಿಂದ 1972ರವರೆಗೆ 12 ಜನ ಅಲ್ಲಿ ನಡೆದಾಡಿದರು. ನಮ್ಮ ಚಂದ್ರಯಾನ-1 ಹೋಗಿದ್ದು 2008ರಲ್ಲಿ.

ನನ್ನ ಭಾಷಣ ಅವಳಿಗೆ ಬೋರ್ ಆಯ್ತು ಅನ್ಸುತ್ತೆ. ‘ಅಣ್ಣ, ಇಳಿಯೋದು ಅಷ್ಟೊಂದು ಕಷ್ಟನಾ? ನಿಮ್ಮೂರಲ್ಲಿ ಹೆಲಿಕಾಪ್ಟರ್ ಮಾಡ್ತಾರಲ್ಲ, ಹಂಗೇ ಇಳಿಸೋದಪ್ಪ’ ಅಂದಳು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು. ಪ್ರಶ್ನೆ ತಮಾಷೆಯದ್ದಲ್ಲ, ಉತ್ತರ ಅಲ್ಲೇ ಇದೆ. ಹೆಲಿಕಾಪ್ಟರ್ ನಿಲ್ಲೋದು ರೆಕ್ಕೆ ಗಾಳಿಯನ್ನು ಕೆಳಗೆ ತಳ್ಳೋದರಿಂದ. ಚಂದ್ರನಲ್ಲಿ ಗಾಳಿಯೇ ಇಲ್ಲ. ಪ್ಯಾರಾಶೂಟೂ ಬಿಚ್ಚಿಕೊಳ್ಳಲ್ಲ. ಎಂಜಿನ್ ಉರಿಸಿ ಎದುರು ದಿಕ್ಕಿಗೆ ತಳ್ಳಿ ತಳ್ಳಿಯೇ ವೇಗ ಇಳಿಸಬೇಕು.

ಎಷ್ಟು ವೇಗ? ಸುಮಾರು 30 ಕಿ.ಮೀ ಎತ್ತರದಲ್ಲಿ ಇಳಿಯೋಕೆ ಶುರು ಮಾಡುವಾಗ ವಿಕ್ರಮ್ ಲ್ಯಾಂಡರ್ ಸೆಕೆಂಡಿಗೆ ಸುಮಾರು 1.68 ಕಿ.ಮೀ ಓಡ್ತಿತ್ತು. ತುಮಕೂರಿಂದ ಬೆಂಗಳೂರಿಗೆ 70 ಕಿ.ಮೀ ಅಂತ ಇಟ್ಕೊಳ್ಳಿ, ಎಷ್ಟು ಹೊತ್ತಾಗುತ್ತೆ? ಇವಳು ಫೋನ್ ತೆಗೆಯದೇ ಹೇಳಿದಳು: ‘ನಲವತ್ತೆರಡು ಸೆಕೆಂಡ್’. ಗಣಿತದಲ್ಲಿ ಫೇಲಾದವಳು, ನೋಡಿ.

ಇಷ್ಟು ವೇಗವನ್ನು ಸುಮಾರು 19 ನಿಮಿಷದಲ್ಲಿ ನಡಿಗೆಯ ಮಟ್ಟಕ್ಕೆ ತರಬೇಕು, ಅದೂ ಲ್ಯಾಂಡರ್ ತಾನೇ ಲೆಕ್ಕ ಹಾಕ್ಕೊಂಡು. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ವಿಕ್ರಮ್ ಎಡವಿದ್ದು ಇಲ್ಲೇ. ಅದರ ಎಂಜಿನ್‌ಗಳು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ತಳ್ಳಿದವು. ಸಣ್ಣ ಸಣ್ಣ ವ್ಯತ್ಯಾಸಗಳು ಕೂಡ್ತಾ ಹೋದವು. ಸರಿ ಮಾಡಿಕೊಳ್ಳೋಕೆ ಬೇಗ ತಿರುಗಬೇಕಿತ್ತು, ಆದರೆ ತಿರುಗೋ ವೇಗಕ್ಕೆ ಮಿತಿ ಹಾಕಿದ್ದರು. ಇಳಿಯಬೇಕಾದ ಜಾಗ ಬೇರೆ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ.

ಇಸ್ರೋ ಮುಂದಿನ ಸಲ ಮಾಡಿದ್ದು ನನಗೆ ಬಹಳ ಇಷ್ಟ. ‘ಎಲ್ಲ ಸರಿಹೋದರೆ ಹೇಗೆ’ ಅನ್ನೋದು ಬಿಟ್ಟು, ‘ಏನೇನು ಕೆಡಬಹುದು’ ಅಂತ ಪಟ್ಟಿ ಮಾಡಿದರು. ಜಾಗವನ್ನು ಸುಮಾರು 4 ಕಿ.ಮೀ ಉದ್ದಕ್ಕೆ ಹಿಗ್ಗಿಸಿದರು. ಕಾಲು ಗಟ್ಟಿ ಮಾಡಿದರು: ಸೆಕೆಂಡಿಗೆ 2 ಮೀಟರ್ ಬದಲು 3 ಮೀಟರ್ ವೇಗದಲ್ಲಿ ಬಿದ್ದರೂ ಮುರಿಯಬಾರದು ಅಂತ. ಐದು ಎಂಜಿನ್‌ನಲ್ಲಿ ಒಂದನ್ನು ತೆಗೆದರು, ಇಂಧನ ಜಾಸ್ತಿ ತುಂಬಿಸಿದರು, ವೇಗ ಅಳೆಯೋಕೆ ಹೊಸ ಲೇಸರ್ ಉಪಕರಣ ಇಟ್ಟರು. 2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ಇಳೀತು. ನಾಲ್ಕೇ ದಿನ ಮುಂಚೆ ರಷ್ಯಾದ ಲೂನಾ-25 ಅಪ್ಪಳಿಸಿ ಹೋಗಿತ್ತು.

ವಾಪಸ್ ರೈಲಿನಲ್ಲಿ ನಾನು ಉಪದೇಶಕ್ಕೆ ಬಾಯಿ ತೆರೆಯೋ ಮೊದಲೇ ಅವಳು ಅಂದಳು: ‘ಗೊತ್ತು ಬಿಡಣ್ಣ, ಯಾಕೆ ಕರ್ಕೊಂಡು ಬಂದೆ ಅಂತ. ಅವರಿಗೆ ನಾಲ್ಕು ವರ್ಷ ಇತ್ತು, ನಂಗೆ ನಾಲ್ಕು ವಾರ.’

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ತುಮಕೂರು ಬರೋವರೆಗೆ ಅವಳು ಹಳೇ ಪ್ರಶ್ನೆಪತ್ರಿಕೆಯ ಪಿಡಿಎಫ್ ತೆಗೆದು, ಎಲ್ಲೆಲ್ಲಿ ತಪ್ಪಾಗಿತ್ತು ಅಂತ ಗುರುತು ಹಾಕ್ತಾ ಕೂತಿದ್ದಳು. ಫೀಸ್ ಮಾರನೇ ದಿನ ಕಟ್ಟಿದಳಂತೆ, ಚಿಕ್ಕಮ್ಮ ಹೇಳಿದರು.