ನೂಲಿನ ಬಾಯಾರಿಕೆ

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ದಿನಗಳಲ್ಲಿ ರಾಮನಗರ ತಾಲ್ಲೂಕಿನ ಕೂಟಗಲ್ಲಿನ ಕಡೆಗೆ ಹೋದರೆ ಎರಡು ಬಗೆಯ ವಸಂತಗಳು ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಒಂದು, ಬಂಡೆಗಳ ಮತ್ತು ಕುರುಚಲು ಕಾಡಿನ ವಸಂತ. ಅಲ್ಲಿ ಕಲ್ಲು ಕಾದಿರುತ್ತದೆ, ಹುಲ್ಲು ಒಣಗಿರುತ್ತದೆ, ಗಾಳಿ ಬಿಸಿಯಾಗಿರುತ್ತದೆ. ಇನ್ನೊಂದು, ನೀರು ಕಟ್ಟಿದ ಹಿಪ್ಪುನೇರಳೆಯ ತೋಟದ ವಸಂತ. ಅಲ್ಲಿ ಕತ್ತರಿಸಿದ ಗಿಡಗಳೆಲ್ಲ ಹೊಸ ಚಿಗುರಿನಿಂದ ತುಂಬಿ ನಿಂತಿರುತ್ತವೆ. ಒಣ ಗಾಳಿಗೂ ಹಸಿ ಎಲೆಗೂ ನಡುವೆ ನಡೆಯುವ ಈ ಜಗಳ ತೋಟದ ಬೇಲಿಯಲ್ಲಿಯೇ ಮುಗಿಯುವುದಿಲ್ಲ. ಅದು ಎಲೆಯಿಂದ ಹುಳುವಿಗೆ, ಹುಳುವಿನಿಂದ ನೂಲಿಗೆ, ನೂಲಿನಿಂದ ಮಗ್ಗಕ್ಕೆ ಸಾಗುತ್ತದೆ. ಕೊನೆಗೆ ಕೈಮಗ್ಗದ ನೇಕಾರನ ದಿನದ ಸಂಪಾದನೆಯನ್ನು ನಿರ್ಧರಿಸುತ್ತದೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ನೋಡೋಣ.

ರೇಷ್ಮೆಹುಳು ನೀರು ಕುಡಿಯುವುದಿಲ್ಲ. ಅದರ ಬಾಯಾರಿಕೆಯೂ ಹಸಿವೂ ಹಿಪ್ಪುನೇರಳೆಯ ಎಲೆಯಿಂದಲೇ ತೀರಬೇಕು. ಒಳ್ಳೆಯ ಎಲೆಯ ತೂಕದಲ್ಲಿ ನೂರಕ್ಕೆ ಸುಮಾರು 70ರಿಂದ 75 ಪಾಲು ನೀರೇ ಇರುತ್ತದೆ. ಹುಳು ಮೊಟ್ಟೆಯಿಂದ ಹೊರಬಂದು, ನಾಲ್ಕು ಸಲ ಪೊರೆ ಕಳಚಿ, ಸುಮಾರು 25 ದಿನಗಳಲ್ಲಿ ತನ್ನ ತೂಕವನ್ನು ಹೆಚ್ಚುಕಡಮೆ 10,000 ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಪೊರೆ ಕಳಚುವ ಮೊದಲು ಅದು ಮೇವನ್ನು ಬಿಟ್ಟು ಮಂಕಾಗಿ ಮಲಗುವುದನ್ನು ಕಂಡು ನಮ್ಮ ರೈತರು ‘ಹುಳುವಿಗೆ ಜ್ವರ ಬಂದಿದೆ’ ಎನ್ನುತ್ತಾರೆ. ವಸಂತದ ಬಿಸಿ ಗಾಳಿಯಲ್ಲಿ ಕೊಯ್ದ ಎಲೆ ಬೇಗ ಬಾಡುತ್ತದೆ. ಬಾಡಿದ ಎಲೆಯನ್ನು ಎಳೆಯ ಹುಳು ಮುಟ್ಟದು. ಆದುದರಿಂದಲೇ ಸಾಕಣೆಮನೆಯಲ್ಲಿ ಒದ್ದೆ ಗೋಣಿಗಳನ್ನು ತೂಗುಹಾಕುವುದು, ನೆಲಕ್ಕೆ ನೀರು ಚಿಮುಕಿಸುವುದು ಮುಂತಾದ ಉಪಚಾರಗಳು ನಡೆಯುತ್ತವೆ. ಎಳೆಯ ಹುಳುವಿಗೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ನೂರಕ್ಕೆ 85ರಷ್ಟು ಸಾಪೇಕ್ಷ ಆರ್ದ್ರತೆ ಹಿತವಾದುವು; ಬಲಿತ ಹುಳುವಿಗೆ ಇವೆರಡೂ ಸ್ವಲ್ಪ ಕಡಮೆಯಾಗಿದ್ದರೆ ಒಳ್ಳೆಯದು.

ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟೊಡನೆ ವ್ಯವಹಾರ ತಿರುಗುಮುರುಗಾಗುತ್ತದೆ. ಹುಳುವಿನ ಒಡಲಲ್ಲಿರುವ ರೇಷ್ಮೆಯು ಗಟ್ಟಿಯಾದ ನೂಲಲ್ಲ. ನೀರಿನಲ್ಲಿ ಕರಗಿದ ಪ್ರೋಟೀನಿನ ದಪ್ಪ ರಸ. ಹುಳು ತಲೆಯನ್ನು ಅತ್ತಿತ್ತ ಆಡಿಸುತ್ತ ಈ ರಸವನ್ನು ಎಳೆದಾಗ, ಎಳೆತದಿಂದಲೇ ಅದರ ಅಣುಗಳು ಸಾಲಾಗಿ ನಿಂತು ಎಳೆ ಗಟ್ಟಿಯಾಗುತ್ತದೆ. ಒಳಗಿನ ತಿರುಳು ಫೈಬ್ರೋಯಿನ್. ಅದರ ಮೇಲಿನ ಅಂಟು ಸೆರಿಸಿನ್. ಈ ಸಮಯದಲ್ಲಿ ಗಾಳಿಯ ತೇವ ಮಿತಿಮೀರಿದರೆ ಅಂಟು ಸರಿಯಾಗಿ ಆರದೆ, ಮುಂದೆ ಗೂಡಿನಿಂದ ಎಳೆ ಸಲೀಸಾಗಿ ಬಿಚ್ಚಿಬರುವುದಿಲ್ಲ. ಎಲೆ ತಿನ್ನುವ ಹುಳುವಿಗೆ ಬೇಕಾದ ತೇವ, ಗೂಡು ಕಟ್ಟುವ ಹುಳುವಿಗೆ ಬೇಡ. ಒಂದೊಂದು ಹಂತಕ್ಕೆ ಒಂದೊಂದು ಗಾಳಿ ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಹೀಗೆ ಬೆಳೆದ ಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಇದು ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾಗಿದೆ. ಅಲ್ಲಿಂದ ಗೂಡು ನೂಲು ಬಿಚ್ಚುವವರ ಕೈ ಸೇರುತ್ತದೆ. ಅವರು ಗೂಡುಗಳನ್ನು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಹಾಕಿ ಅಂಟನ್ನು ಮೆದುಗೊಳಿಸಿ, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲಾಗಿ ಸುತ್ತುತ್ತಾರೆ. ಬಿಸಿನೀರಿನಲ್ಲಿ ದಿನವೆಲ್ಲ ಆಡಿದ ಬೆರಳುಗಳು ಸುಕ್ಕಾಗಿ ಬಿರಿಯುವುದನ್ನು ಕಂಡವರಿಗೆ ರೇಷ್ಮೆಯ ನುಣುಪು ಸುಲಭವಾಗಿ ಬಂದುದಲ್ಲವೆಂಬುದು ತಿಳಿಯುತ್ತದೆ. ಹಳೆಯ ಮೈಸೂರು ತಳಿಯ ಒಂದು ಗೂಡಿನಲ್ಲಿ ಸುಮಾರು 400 ಮೀಟರ್ ಎಳೆ ಇದ್ದರೆ, ಬಿಳಿಯ ದ್ವಿತಳಿ ಗೂಡಿನಲ್ಲಿ ಸುಮಾರು 1,000 ಮೀಟರ್ ಇರುತ್ತದೆ.

ನೂಲು ಇಲ್ಲಿಂದ ಹಲವು ಊರುಗಳ ಮಗ್ಗಗಳಿಗೆ ಹೋಗುತ್ತದೆ. ರೇಷ್ಮೆಯ ಕೈಮಗ್ಗಕ್ಕೆ ಹೆಸರಾದ ಊರುಗಳಲ್ಲಿ ಚಿತ್ರದುರ್ಗ ಸೀಮೆಯ ಮೊಳಕಾಲ್ಮೂರು ಒಂದು. ಅದರ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ಅದು ಮಳೆ ಕಡಮೆಯಾದ ಸೀಮೆಯೂ ಹೌದು. ಅಂಥ ಊರಿನ ನೇಕಾರನ ಮನೆಯಲ್ಲಿ ವಸಂತದ ದಿನ ಬೆಳಗಿನ ತಂಪಿನಲ್ಲಿಯೇ ಆರಂಭವಾಗುತ್ತದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಕಾಲಿನಿಂದ ಹಲಗೆಯನ್ನು ತುಳಿದು ಹಾಸಿನ ಎಳೆಗಳನ್ನು ಬೇರ್ಪಡಿಸಿ, ಲಾಳಿಯಿಂದ ಹೊಕ್ಕನ್ನು ಹಾಯಿಸಿ, ಹಣಿಗೆಯಿಂದ ಬಡಿಯುವುದು ಅವನ ಕೆಲಸ. ಮನೆಯ ಹೆಂಗಸರು ನೂಲು ಸುತ್ತುತ್ತಾರೆ, ತುಂಡಾದ ಎಳೆಗಳನ್ನು ಕೂಡಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಮಗ್ಗದಲ್ಲಿಯೂ ಕೂರುತ್ತಾರೆ. ಬೆಳಿಗ್ಗೆ ಸರಾಗವಾಗಿ ಓಡುತ್ತಿದ್ದ ಲಾಳಿ ಬಿಸಿಲು ಏರಿದಂತೆಲ್ಲ ಮತ್ತೆಮತ್ತೆ ನಿಲ್ಲುತ್ತದೆ. ಏಕೆ? ಹಾಸಿನ ಎಳೆ ಕಡಿಯುತ್ತದೆ.

ಇದಕ್ಕೆ ಕಾರಣ ನೂಲಿನೊಳಗಿನ ನೀರು. ರೇಷ್ಮೆ ಎಷ್ಟೇ ಒಣಗಿದಂತೆ ತೋರಿದರೂ ಅದರಲ್ಲಿ ನೀರಿನ ಅಣುಗಳು ಅಡಗಿರುತ್ತವೆ. ಪೂರ್ತಿ ಒಣಗಿಸಿದ 100 ಗ್ರಾಂ ರೇಷ್ಮೆಯು ಸಾಧಾರಣ ಗಾಳಿಯಿಂದ ಸುಮಾರು 11 ಗ್ರಾಂ ನೀರನ್ನು ಹೀರಿಕೊಳ್ಳುತ್ತದೆ. ಈ ನೀರು ಫೈಬ್ರೋಯಿನ್ ಅಣುಗಳ ನಡುವೆ ಸೇರಿ, ಕೀಲಿಗೆ ಹಾಕಿದ ಎಣ್ಣೆಯಂತೆ, ಎಳೆ ಬಾಗಲು ಮತ್ತು ಹಿಗ್ಗಲು ನೆರವಾಗುತ್ತದೆ. ಗಾಳಿ ಒಣಗಿದಾಗ ನೂಲು ತನ್ನ ನೀರನ್ನು ಗಾಳಿಗೆ ಬಿಟ್ಟುಕೊಟ್ಟು ಬಿರುಸಾಗುತ್ತದೆ. ಇನ್ನೊಂದು ತೊಂದರೆಯೂ ಉಂಟು. ಗಾಜಿನ ಕಡ್ಡಿಯನ್ನು ರೇಷ್ಮೆಯ ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶವನ್ನು ಪಡೆಯುವ ಪ್ರಯೋಗವನ್ನು ನಾವೆಲ್ಲರೂ ಪ್ರೌಢಶಾಲೆಯಲ್ಲಿ ನೋಡಿದ್ದೇವೆ. ಮಗ್ಗದಲ್ಲಿಯೂ ಎಳೆಗಳು ಹಣಿಗೆಗೆ ಉಜ್ಜಿ ಆವೇಶ ಪಡೆಯುತ್ತವೆ. ತೇವವಿದ್ದರೆ ಆವೇಶ ಹರಿದುಹೋಗುತ್ತದೆ. ಒಣ ಗಾಳಿಯಲ್ಲಿ ಅದು ಎಳೆಯ ಮೇಲೆಯೇ ಉಳಿದು, ಎಳೆಗಳು ಒಂದನ್ನೊಂದು ದೂಡಿ, ನವಿರೆದ್ದು ತೊಡಕಾಗುತ್ತವೆ.

ರೇಷ್ಮೆಯ ಈ ನೀರನ್ನು ವ್ಯಾಪಾರಿಗಳು ಹಿಂದಿನಿಂದಲೂ ಬಲ್ಲರು. ತೇವದ ದಿನ ತೂಗಿದ ರೇಷ್ಮೆಯಲ್ಲಿ ನೀರಿಗೂ ರೇಷ್ಮೆಯ ಬೆಲೆಯನ್ನೇ ಕೊಡಬೇಕಾಗುತ್ತಿತ್ತಾದ್ದರಿಂದ, ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ 1805ರಲ್ಲಿ ರೇಷ್ಮೆಯನ್ನು ಹದಗೊಳಿಸಿ ತೂಗುವ ಸಾರ್ವಜನಿಕ ಸಂಸ್ಥೆಯೊಂದು ಸರಕಾರದ ಆಜ್ಞೆಯಿಂದ ಸ್ಥಾಪಿತವಾಯಿತು. ವ್ಯಾಪಾರಿಯ ನಷ್ಟವನ್ನು ಅಳೆಯಲು ಹೀಗೆ ಸಂಸ್ಥೆ ಹುಟ್ಟಿತು. ನೇಕಾರನ ನಷ್ಟವನ್ನು ಅಳೆಯುವವರಾರು?

ಒಂದು ಲೆಕ್ಕ ಮಾಡಿ ನೋಡೋಣ. ಸೀರೆಯ ಹಾಸಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಒಣ ದಿನದಲ್ಲಿ 60 ಎಳೆಗಳು ಕಡಿದುವು, ಒಂದೊಂದನ್ನು ಹುಡುಕಿ ಕೂಡಿಸಲು ಒಂದೊಂದು ನಿಮಿಷ ಹಿಡಿಯಿತು ಎಂದಿಟ್ಟುಕೊಂಡರೆ, ಒಂದು ಗಂಟೆಯ ಕಾಲ ಮಗ್ಗ ನಿಂತಂತಾಯಿತು. ನೇಕಾರನಿಗೆ ಸಾಮಾನ್ಯವಾಗಿ ಕೂಲಿ ಸಿಗುವುದು ಸೀರೆಯ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಲ್ಲ. ಆ ಒಂದು ಗಂಟೆ ಯಾವ ಪುಸ್ತಕದಲ್ಲಿಯೂ ಬರೆಯಲ್ಪಡದೆ ಅವನ ಆದಾಯದಿಂದ ಕಳೆದುಹೋಗುತ್ತದೆ.

ಕುಣಿಮಗ್ಗದ ಗುಣ ಈಗ ನಮಗೆ ಅರ್ಥವಾದೀತು. ಅದರ ಹಾಸು ನೆಲಕ್ಕೆ ಸಮೀಪವಾಗಿರುತ್ತದೆ. ಮಣ್ಣಿನ ನೆಲವೂ ಕುಣಿಯ ಗೋಡೆಯೂ ಮೆಲ್ಲಗೆ ತೇವವನ್ನು ಬಿಡುತ್ತವೆ. ನೀರು ಚಿಮುಕಿಸಿದರೆ ಅದು ಆವಿಯಾಗುವಾಗ ಗಾಳಿ ತಂಪಾಗುವುದರ ಜೊತೆಗೆ ತೇವವೂ ಆಗುತ್ತದೆ. ದೊಡ್ಡ ಗಿರಣಿಗಳು ಯಂತ್ರಗಳನ್ನಿಟ್ಟು ಸಾಧಿಸುವ ಹದವನ್ನು ಮಣ್ಣಿನ ಕುಣಿ ತನ್ನ ಮಟ್ಟಿಗೆ ಸಾಧಿಸುತ್ತದೆ. ಮಣ್ಣಿನ ನೆಲವನ್ನು ತೆಗೆದು ಸಿಮೆಂಟು ಹಾಕಿ, ಮೇಲೆ ತಗಡಿನ ಮಾಡು ಹೊದಿಸಿದ ಮನೆಯಲ್ಲಿ ಈ ಅನುಕೂಲ ಕುಂದುತ್ತದೆ. ಮನೆ ಕಟ್ಟುವವರು ಮಗ್ಗದ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಹಾಗಾದರೆ ವಸಂತವು ನೇಕಾರನಿಗೆ ಶತ್ರುವೇ? ಅಲ್ಲ; ಒಂದು ಕೈಯಿಂದ ಕಸಿದುದನ್ನು ಅದು ಇನ್ನೊಂದು ಕೈಯಿಂದ ಕೊಡುತ್ತದೆ. ಮಳೆಗಾಲದಲ್ಲಿ ಆರದೆ ಕಾಡುವ ಬಣ್ಣದ ನೂಲು ವಸಂತದಲ್ಲಿ ಬೇಗ ಆರುತ್ತದೆ. ಸೆರಗಿನ ಮಾವು, ಗಿಳಿ, ಹೂಬಳ್ಳಿಗಳೆಲ್ಲ ಈ ಋತುವಿನ ಕೊಡುಗೆಗಳೇ. ಮೈಸೂರು ಸೀಮೆಯ ಕುರುಚಲು ಕಾಡುಗಳಲ್ಲಿ ಎಲೆಯಿಲ್ಲದ ಕೊಂಬೆಗಳ ಮೇಲೆ ಉರಿಯಂತೆ ಅರಳುವ ಮುತ್ತುಗದ ಹೂವಂತೂ ಬಣ್ಣವನ್ನೇ ಕೊಡುತ್ತದೆ. ಒಣಗಿದ ಹೂಗಳನ್ನು ನೀರಿನಲ್ಲಿ ಕುದಿಸಿದರೆ ಹಳದಿಯ ರಸ ಬರುತ್ತದೆ. ಸ್ವಲ್ಪ ಸುಣ್ಣ ಬೆರೆತರೆ ಅದು ಕೇಸರಿಗೆ ತಿರುಗುತ್ತದೆ. ಇದರಲ್ಲಿರುವ ವರ್ಣದ್ರವ್ಯದ ಹೆಸರು ಬ್ಯೂಟೀನ್. ಪಟಿಕವನ್ನು ಹಾಕಿದರೆ ಅದು ಬಣ್ಣಕ್ಕೂ ನೂಲಿಗೂ ನಡುವೆ ಬೆಸುಗೆಯಾಗುತ್ತದೆ. ಆದರೆ ಈ ಬಣ್ಣ ಬಿಸಿಲಿಗೆ ಮಾಸುತ್ತದೆಂಬುದನ್ನೂ ಹೇಳಲೇಬೇಕು.

ಮಾಸದ, ಅಗ್ಗದ ಬಣ್ಣಗಳ ಕತೆಯೂ ಒಂದು ವಸಂತದಲ್ಲಿಯೇ ಆರಂಭವಾಯಿತು. 1856ರ ಈಸ್ಟರ್ ರಜೆಯಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ 18 ವರ್ಷದ ವಿದ್ಯಾರ್ಥಿ ಮನೆಯ ಪ್ರಯೋಗಶಾಲೆಯಲ್ಲಿ ಕ್ವಿನೈನ್ ತಯಾರಿಸಲು ಹೋಗಿ ಕಪ್ಪು ಮಡ್ಡಿಯೊಂದನ್ನು ಪಡೆದನು. ಅದನ್ನು ಚೆಲ್ಲಿಬಿಡದೆ ಮದ್ಯಸಾರದಲ್ಲಿ ಕರಗಿಸಿದಾಗ ನೇರಿಳೆ ಬಣ್ಣ ಕಂಡಿತು; ರೇಷ್ಮೆಗೆ ಹಚ್ಚಿದಾಗ ಅದು ನಿಂತಿತು. ಇಂದು ನಮ್ಮ ಮಗ್ಗಗಳಿಗೆ ಬರುವ ನೂಲಿನ ಬಹುಪಾಲು ಬಣ್ಣಗಳು ಆ ವಂಶದವೇ.

2019–20ರ ಕೈಮಗ್ಗ ಗಣತಿಯಂತೆ ಭಾರತದಲ್ಲಿ 35 ಲಕ್ಷಕ್ಕೂ ಹೆಚ್ಚು ಮಂದಿ ಕೈಮಗ್ಗದ ಕೆಲಸದಲ್ಲಿದ್ದರು. ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿ ಹೆಂಗಸರು. ಅವರಿಗೆ ವಿಜ್ಞಾನ ಮಾಡಬಹುದಾದ ಉಪಕಾರ ಯಾವಾಗಲೂ ದೊಡ್ಡ ಯಂತ್ರವೇ ಆಗಬೇಕಿಲ್ಲ. ಜಿನೀವದ ಸೊಸ್ಯೂರ್ ಎಂಬ ವಿಜ್ಞಾನಿ 1783ರಲ್ಲಿಯೇ ಕೂದಲೆಳೆಯಿಂದ ಆರ್ದ್ರತಾಮಾಪಕವನ್ನು ವರ್ಣಿಸಿದ್ದನು. ಕೂದಲೂ ರೇಷ್ಮೆಯಂತೆ ಪ್ರೋಟೀನು. ತೇವದಲ್ಲಿ ಅದು ಉದ್ದವಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸೋಪಿನಿಂದ ತೊಳೆದು ಜಿಡ್ಡು ತೆಗೆದ ಉದ್ದನೆಯ ಕೂದಲೊಂದರ ಮೇಲ್ತುದಿಯನ್ನು ಹಲಗೆಗೆ ಬಿಗಿದು, ಕೆಳತುದಿಯನ್ನು ಗುಂಡುಸೂಜಿಯ ಮೇಲೆ ತಿರುಗುವ ಹಗುರವಾದ ಹುಲ್ಲುಕಡ್ಡಿಗೆ ಕಟ್ಟಿದರೆ, ಕಡ್ಡಿಯ ತುದಿ ಗಾಳಿಯ ತೇವವನ್ನು ತೋರಿಸುತ್ತದೆ. ಯಾವ ವಿದ್ಯಾರ್ಥಿಯಾದರೂ ಇದನ್ನು ಒಂದು ಸಂಜೆಯಲ್ಲಿ ಮಾಡಬಹುದು. ನೆರೆಯಲ್ಲಿ ಮಗ್ಗದ ಮನೆಯಿದ್ದರೆ ಅಲ್ಲಿ ಇದನ್ನು ತೂಗುಹಾಕಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಡ್ಡಿ ನಿಂತ ಜಾಗವನ್ನೂ ಕಡಿದ ಎಳೆಗಳ ಸಂಖ್ಯೆಯನ್ನೂ ಒಂದು ವಾರ ಬರೆದಿಡಿರಿ. ನೆಲಕ್ಕೆ ನೀರನ್ನು ಯಾವಾಗ ಚಿಮುಕಿಸಬೇಕೆಂಬುದು ಆ ಪಟ್ಟಿಯಿಂದ ತಿಳಿಯುತ್ತದೆ. ಪುಸ್ತಕದಲ್ಲಿ ಸೇರದೆ ಕಳೆದುಹೋಗುತ್ತಿದ್ದ ಆ ಗಂಟೆ ಮೊದಲ ಸಲ ಲೆಕ್ಕಕ್ಕೆ ಬರುತ್ತದೆ.