ಮಧುಮೇಹವೂ ಕಣ್ಣಿನ ಪದರಗಳೂ

ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳುಳ್ಳ ಭೀಮರಾಯನಗುಡಿಯವರಿಗೆ ಕಾಲುವೆಯ ಗುಣ ಹೊಸದಲ್ಲ. ಗೋಡೆ ಶಿಥಿಲವಾದರೆ ನೀರು ಜಿನುಗಿ ಹೊಲ ಜವಳಾಗುತ್ತದೆ. ಹೂಳು ತುಂಬಿದರೆ ಕೊನೆಯ ಹೊಲ ಒಣಗುತ್ತದೆ. ಮಧುಮೇಹಿಯ ಕಣ್ಣಿನೊಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ.

ಕಣ್ಣಿಗೆ ಮೂರು ಪದರಗಳು: ಹೊರಗೆ ಬಿಳಿಯ ಗಟ್ಟಿ ಪದರ, ನಡುವೆ ರಕ್ತನಾಳಗಳ ಪದರ, ಒಳಗೆ ಬೆಳಕನ್ನು ಗ್ರಹಿಸುವ ಅಕ್ಷಿಪಟಲ. ಸುಮಾರು ಕಾಲು ಮಿಲಿಮೀಟರ್ ದಪ್ಪದ ಈ ಪಟಲದಲ್ಲಿಯೇ 10 ಸ್ತರಗಳುಂಟು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಮಿತಿಮೀರಿದರೆ ಇದರ ಸೂಕ್ಷ್ಮ ನಾಳಗಳು ಸಡಿಲಗೊಳ್ಳುತ್ತವೆ. ಸೋರಿದ ದ್ರವ ಸ್ತರಗಳ ನಡುವೆ ನಿಂತು ದೃಷ್ಟಿಯ ಕೇಂದ್ರ ಊದಿಕೊಳ್ಳುತ್ತದೆ, ಅಕ್ಷರಗಳು ಮಸುಕಾಗುತ್ತವೆ. ನಾಳ ಮುಚ್ಚಿದೆಡೆ ಆಮ್ಲಜನಕ ಸಾಲದೆ, ದುರ್ಬಲವಾದ ಹೊಸ ನಾಳಗಳು ಹುಟ್ಟುತ್ತವೆ. ಅವು ಒಡೆದು ರಕ್ತ ಸುರಿಸಬಹುದು; ಪಟಲವನ್ನೇ ಎಳೆದು ಕಳಚಬಹುದು.

2005ರಲ್ಲಿ ತೀರಿಕೊಂಡ ಡಾ. ಎಂ. ಸಿ. ಮೋದಿಯವರ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡು ಅಸಂಖ್ಯ ಜನ ದೃಷ್ಟಿ ಪಡೆದ ನಾಡು ನಮ್ಮದು. ಆದುದರಿಂದ ಮಸುಕೆಲ್ಲ ಪೊರೆಯೆಂದೇ ಭಾವಿಸಿ, ಅದು ಬಲಿಯಲೆಂದು ಕಾಯುವವರುಂಟು. ಪೊರೆ ಕಾದೀತು; ಪಟಲ ಕಾಯದು. ಲೇಸರ್ ಕಿರಣ, ಕಣ್ಣಿನೊಳಗೆ ಕೊಡುವ ಚುಚ್ಚುಮದ್ದುಗಳು ಉಳಿದ ದೃಷ್ಟಿಯನ್ನು ಕಾಪಾಡಬಲ್ಲವು, ಹೋದುದನ್ನೆಲ್ಲ ಮರಳಿಸಲಾರವು.

ಮೊದಮೊದಲು ನೋವೂ ಇಲ್ಲ, ಮಸುಕೂ ಇಲ್ಲ. ಮಧುಮೇಹವುಳ್ಳವರು ಕಣ್ಣು ಚೆನ್ನಾಗಿರುವಾಗಲೇ ವರ್ಷಕ್ಕೊಮ್ಮೆ, ಪಾಪೆ ಹಿಗ್ಗಿಸಿ ಮಾಡುವ ಪರೀಕ್ಷೆಗೆ ಒಳಗಾಗುವುದು ಲೇಸು.